ಕೊಳೆರೋಗವೂ ಕಾಲೇಜಿನ ಜೀವಶಾಸ್ತ್ರವೂ

ಮುಂಗಾರು ಕಾಲಿಡುವ ಹೊತ್ತಿಗೆ ಮಲೆನಾಡಿನ ಅನೇಕ ಮನೆಗಳಲ್ಲಿ ಎರಡು ಕೆಲಸಗಳು ಒಟ್ಟಿಗೆ ಆರಂಭವಾಗುತ್ತವೆ. ಅಂಗಳದಲ್ಲಿ ಹಿರಿಯರು ಮೈಲುತುತ್ತ, ಸುಣ್ಣ, ಡ್ರಮ್ಮುಗಳನ್ನು ಹೊಂದಿಸಿಕೊಂಡು ಕೊನೆಗೌಡನ ದಾರಿ ಕಾಯುತ್ತಾರೆ. ಒಳಗೆ ಕಾಲೇಜಿಗೆ ಹೊಸದಾಗಿ ಸೇರಿದ ಮಗನೋ ಮಗಳೋ ಜೀವಶಾಸ್ತ್ರದ ಮೊದಲ ಅಧ್ಯಾಯವನ್ನು ಗಟ್ಟಿಯಾಗಿ ಓದುತ್ತಿರುತ್ತಾರೆ: ಜೀವಕೋಶ, ಕೋಶಭಿತ್ತಿ, ಕೋಶಪೊರೆ, ಪ್ರೋಟೀನು, ಕಿಣ್ವ. ಅಂಗಳದಲ್ಲಿ ನಡೆಯುತ್ತಿರುವುದೂ ಇದೇ ಪಾಠವೆಂದು ಆ ಮಗುವಿಗೆ ಯಾರೂ ಹೇಳಿರುವುದಿಲ್ಲ. ತಾನು ಕಲಕುತ್ತಿರುವ ನೀಲಿ ದ್ರಾವಣದ ವಿವರಣೆ ಒಳಗಿನ ಪುಸ್ತಕದಲ್ಲಿ ಇದೆಯೆಂದು ತಂದೆಗೂ ಯಾರೂ ಹೇಳಿರುವುದಿಲ್ಲ. ಈ ಎರಡರ ನಡುವಿನ ಗೋಡೆ ಮಲೆನಾಡಿಗೆ ದುಬಾರಿಯಾಗುತ್ತಿದೆ ಎಂಬುದು ಈ ಬರಹದ ವಾದ.

2018ರ ಮಳೆಗಾಲವನ್ನು ನಾವಾರೂ ಮರೆತಿಲ್ಲ. ಆ ವರ್ಷದ ಆಗಸ್ಟಿನಲ್ಲಿ ನೆರೆಮನೆಯ ಅಣ್ಣ ಖಾಲಿ ಬಾಟಲಿಯೊಂದನ್ನು ಹಿಡಿದು ನನ್ನಲ್ಲಿಗೆ ಬಂದರು. ಜೂನಿನ ಆರಂಭದಲ್ಲಿ ಬೋರ್ಡೋ ದ್ರಾವಣ ಹೊಡೆಸಿದ್ದರು. ಎರಡನೆಯ ಸುತ್ತಿಗೆ ಮಳೆ ಬಿಡುವು ಕೊಡಲಿಲ್ಲ, ಮರ ಹತ್ತುವವರೂ ಸಿಗಲಿಲ್ಲ. ಕೊನೆಗೆ ಒಂದು ದಿನ ಬಿಸಿಲು ಕಂಡಾಗ, ಅಂಗಡಿಯಲ್ಲಿ ಕೊಟ್ಟ ಅಂತರ್ವ್ಯಾಪಿ ಶಿಲೀಂಧ್ರನಾಶಕವನ್ನು ಹೊಡೆಸಿದರು. ಮಳೆಯಲ್ಲಿ ತೊಳೆದುಹೋಗುವುದಿಲ್ಲ, ಒಂದೇ ಸಲ ಸಾಕು ಎಂಬ ಮಾತನ್ನು ನಂಬಿದ್ದರು. ಹದಿನೈದು ದಿನಗಳಲ್ಲಿ ಹಸಿ ಅಡಿಕೆ ನೆಲ ಕಾಣದಂತೆ ಉದುರಿತ್ತು. “ತಮ್ಮಾ, ಇದೆಂಥ ಔಷಧಿ ನೋಡು. ಕಲಬೆರಕೆಯೋ ಏನೋ” ಎಂದರು. ನಾನು ಚೀಟಿ ಓದಿದೆ. ಔಷಧಿ ಕಲಬೆರಕೆಯಾಗಿರಬೇಕೆಂದೇನೂ ಇರಲಿಲ್ಲ. ಅದು ಟ್ರೈಅಜೋಲ್ ಗುಂಪಿಗೆ ಸೇರಿದ್ದು. ಶಿಲೀಂಧ್ರದ ಕೋಶಪೊರೆಗೆ ಬೇಕಾದ ಎರ್ಗೊಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತು ತಯಾರಾಗದಂತೆ ತಡೆಯುವಂಥದ್ದು. ಆದರೆ ಕೊಳೆರೋಗದ ಜೀವಿ ಎರ್ಗೊಸ್ಟೆರಾಲನ್ನು ತಯಾರಿಸುವುದೇ ಇಲ್ಲ. ಇಲ್ಲದ ಬಾಗಿಲಿಗೆ ಬೀಗ ಹಾಕಿದಂತಾಗಿತ್ತು.

ಜೊತೆಗೆ ಬಂದಿದ್ದ ಅವರ ಮಗಳು ಆಗ ಪದವಿ ತರಗತಿಯಲ್ಲಿ ಸಸ್ಯಶಾಸ್ತ್ರ ಓದುತ್ತಿದ್ದಳು. “ಚಿಕ್ಕಪ್ಪ, ಎರ್ಗೊಸ್ಟೆರಾಲ್ ನಮಗೆ ಪಾಠವಿತ್ತು. ಪರೀಕ್ಷೆಗೂ ಬಂದಿತ್ತು. ನಾನು ಬರೆದೂ ಇದ್ದೆ” ಎಂದಳು. ಅವಳ ಧ್ವನಿಯಲ್ಲಿದ್ದ ಸಂಕಟ ನನಗೆ ಈಗಲೂ ನೆನಪಿದೆ. ತಪ್ಪು ಅವಳದಲ್ಲ. ಆ ಪದಕ್ಕೂ ಅಪ್ಪಯ್ಯನ ತೋಟಕ್ಕೂ ಸಂಬಂಧವಿದೆ ಎಂದು ಅವಳಿಗೆ ಯಾರೂ ತೋರಿಸಿಕೊಟ್ಟಿರಲಿಲ್ಲ.

ಶಿಲೀಂಧ್ರವಲ್ಲದ ಶಿಲೀಂಧ್ರ

ಕೊಳೆರೋಗಕ್ಕೆ ಕಾರಣವಾದ ಜೀವಿ ಫೈಟಾಫ್ತೊರಾ ಕುಲಕ್ಕೆ ಸೇರಿದ್ದು. ಆ ಹೆಸರಿನ ಅರ್ಥವೇ ಸಸ್ಯನಾಶಕ. ಜರ್ಮನಿಯ ಆಂಟನ್ ಡಿ ಬರಿ ಈ ಕುಲಕ್ಕೆ 1876ರಲ್ಲಿ ಹೆಸರಿಟ್ಟರು. 1845ರಿಂದ ಐರ್ಲೆಂಡಿನ ಆಲೂಗಡ್ಡೆಯನ್ನು ಕೊಳೆಸಿ, ಸುಮಾರು ಹತ್ತು ಲಕ್ಷ ಜನರ ಸಾವಿಗೆ ಕಾರಣವಾದ ಕ್ಷಾಮವನ್ನು ತಂದದ್ದು ಇದೇ ಕುಲದ ಇನ್ನೊಂದು ಪ್ರಭೇದ. ನಮ್ಮ ಅಡಿಕೆಯ ರೋಗವನ್ನು ಮೈಸೂರು ಸಂಸ್ಥಾನದಲ್ಲಿ ವಿವರವಾಗಿ ಅಭ್ಯಸಿಸಿದವರು 1908ರಲ್ಲಿ ಇಲ್ಲಿಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್. 1910ರಲ್ಲಿ ಅವರು ಕೊಳೆರೋಗದ ಕುರಿತು ವರದಿ ಪ್ರಕಟಿಸಿದರು. ಬೋರ್ಡೋ ದ್ರಾವಣ ನಮ್ಮ ತೋಟಗಳಲ್ಲಿ ನೆಲೆಯೂರಿದ್ದು ಅವರ ಕೆಲಸದಿಂದ.

ನೋಡುವುದಕ್ಕೆ ಬಿಳಿಯ ಬೂಷ್ಟಿನಂತಿರುವುದರಿಂದ ಈ ಜೀವಿಯನ್ನು ಬಹುಕಾಲ ಶಿಲೀಂಧ್ರವೆಂದೇ ಕರೆದರು. ಇಂದಿನ ಜೀವಶಾಸ್ತ್ರ ಹಾಗೆ ಹೇಳುವುದಿಲ್ಲ. ಇದು ಊಮೈಸೀಟ್, ಅಂದರೆ ನೀರಬೂಷ್ಟು. ಇದರ ನಿಜವಾದ ನೆಂಟರು ಅಣಬೆಯಲ್ಲ, ಕಡಲ ಕಂದುಪಾಚಿ ಮತ್ತು ಡಯಾಟಮ್‌ಗಳು. ಅಣಬೆ ಮತ್ತು ನಿಜ ಶಿಲೀಂಧ್ರಗಳ ಕೋಶಭಿತ್ತಿ ಕೈಟಿನ್‌ನಿಂದಾಗಿದೆ. ನಮ್ಮ ಹಳ್ಳದ ಏಡಿಯ ಚಿಪ್ಪಿನಲ್ಲಿರುವುದೂ ಅದೇ. ನೀರಬೂಷ್ಟಿನ ಕೋಶಭಿತ್ತಿಯಲ್ಲಿ ಮುಖ್ಯವಾಗಿರುವುದು ಗ್ಲೂಕನ್‌ಗಳು ಮತ್ತು ಹತ್ತಿಯಲ್ಲಿರುವಂಥ ಸೆಲ್ಯುಲೋಸ್. ನಿಜ ಶಿಲೀಂಧ್ರ ತನ್ನ ಕೋಶಪೊರೆಗೆ ಬೇಕಾದ ಎರ್ಗೊಸ್ಟೆರಾಲನ್ನು ತಾನೇ ತಯಾರಿಸಿಕೊಳ್ಳುತ್ತದೆ. ಫೈಟಾಫ್ತೊರಾ ತನಗೆ ಬೇಕಾದ ಸ್ಟೆರಾಲ್‌ಗಳನ್ನು ಆಸರೆ ಸಸ್ಯದಿಂದಲೇ ಪಡೆಯುತ್ತದೆ.

ನಮ್ಮ ಪದವಿಪೂರ್ವ ತರಗತಿಗಳು ಇಂದಿಗೂ 1969ರಲ್ಲಿ ವಿಟೇಕರ್ ಮಂಡಿಸಿದ ಐದು ಸಾಮ್ರಾಜ್ಯಗಳ ವರ್ಗೀಕರಣವನ್ನೇ ಕಲಿಸುತ್ತವೆ. ನೀರಬೂಷ್ಟಿನ ಗುಂಪಿಗೆ ಸೇರಿದ ಅಲ್ಬುಗೊ, ಸಾಸಿವೆ ಗಿಡದ ಬಿಳಿತುಕ್ಕು ರೋಗದ ಜೀವಿ, ಅಲ್ಲಿ ಶಿಲೀಂಧ್ರಗಳ ಸಾಲಿನಲ್ಲಿಯೇ ಕುಳಿತಿದೆ. ವರ್ಗೀಕರಣವೆಂದರೆ ಹೆಸರುಗಳ ಪಟ್ಟಿ, ಅದರಿಂದ ಯಾರಿಗೇನು ನಷ್ಟ ಎಂದು ಕೇಳಬಹುದು. ನಷ್ಟ ನೆರೆಮನೆಯ ಅಂಗಳದಲ್ಲಿ ರಾಶಿ ಬಿದ್ದಿತ್ತು. ಜೀವಿ ಯಾವ ವಂಶದ್ದು ಎಂಬುದು ತಿಳಿದರೆ ಅದರ ಕೋಶ ಯಾವುದರಿಂದಾಗಿದೆ ಎಂಬುದು ತಿಳಿಯುತ್ತದೆ. ಅದು ತಿಳಿದರೆ ಯಾವ ಔಷಧಿ ನಾಟುತ್ತದೆ, ಯಾವುದು ನಾಟುವುದಿಲ್ಲ ಎಂಬುದು ತಿಳಿಯುತ್ತದೆ.

2022ರಿಂದೀಚೆಗೆ ಈ ತಿಳಿವಳಿಕೆಯ ಅಗತ್ಯ ಇನ್ನಷ್ಟು ಹೆಚ್ಚಿದೆ. ಮಲೆನಾಡಿನ ಅನೇಕ ತೋಟಗಳನ್ನು ಬಾಡಿಸುತ್ತಿರುವ ಎಲೆಚುಕ್ಕಿ ರೋಗಕ್ಕೆ ಮುಖ್ಯ ಕಾರಣವೆಂದು ಗುರುತಿಸಿರುವುದು ಕೊಲೆಟೋಟ್ರೈಕಮ್ ಎಂಬ ನಿಜ ಶಿಲೀಂಧ್ರ. ಅದರ ಮೇಲೆ ಟ್ರೈಅಜೋಲ್ ಔಷಧಿಗಳು ಕೆಲಸ ಮಾಡುತ್ತವೆ. ಒಂದೇ ಮರದ ಗರಿಯಲ್ಲಿ ಒಂದು ಜೀವಿ, ಕೊನೆಯಲ್ಲಿ ಇನ್ನೊಂದು. ಎರಡಕ್ಕೂ ಒಂದೇ ಔಷಧಿ ಎಂದು ಹೊಡೆಸಿದರೆ ದುಡ್ಡು, ದುಡಿಮೆ, ಬೆಳೆ ಮೂರೂ ಹಾಳು. ಬೇಡದ ವಿಷ ನೀರಿಗೆ ಸೇರಿದ್ದು ಬೇರೆ.

ನೀರಿನಲ್ಲಿ ಈಜುವ ಶತ್ರು

ಕೊಳೆರೋಗದ ಜೀವಿ ಹರಡುವ ಬಗೆಯನ್ನು ನೋಡಿ. ರೋಗ ಹಿಡಿದ ಕಾಯಿಯ ಮೇಲೆ ನಿಂಬೆಹಣ್ಣಿನಾಕಾರದ ಸಣ್ಣ ಚೀಲಗಳು ಮೂಡುತ್ತವೆ. ತಂಪು ನೀರು ತಗುಲಿದಾಗ ಅವು ಒಡೆದು ಈಜುಕಣಗಳು ಹೊರಬರುತ್ತವೆ. ಪ್ರತಿ ಕಣಕ್ಕೂ ಎರಡು ಕಶಾಂಗಗಳು, ಅಂದರೆ ಚಾಟಿಯಂಥ ಬಾಲಗಳು. ಅದಕ್ಕೆ ಕೋಶಭಿತ್ತಿಯ ಕವಚವಿರುವುದಿಲ್ಲ. ಕಾಯಿಯ ಮೇಲಿನ ತೆಳ್ಳನೆಯ ನೀರಿನ ಪದರದಲ್ಲಿ ಅದು ಈಜಿ, ಒಂದೆಡೆ ನಿಂತು, ಮೊಳೆತು, ಕಾಯಿಯ ಹೊರಪದರವನ್ನು ಕರಗಿಸುವ ಕಿಣ್ವಗಳನ್ನು ಸುರಿಸುತ್ತ ಒಳನುಗ್ಗುತ್ತದೆ. ತೊಟ್ಟಿನ ಬಳಿ ನೀರು ನೆನೆದಂತೆ ಕಾಣುವ ಹಸಿರುಗಪ್ಪು ಕಲೆ ಈ ಕಿಣ್ವಗಳ ಕೆಲಸ.

ಇಷ್ಟನ್ನು ಅರಿತವರಿಗೆ ನಮ್ಮ ಹಿರಿಯರು ಕೊನೆಗೆ ಕೊಟ್ಟೆ ಕಟ್ಟುತ್ತಿದ್ದುದರ ಮರ್ಮ ತಾನಾಗಿಯೇ ಹೊಳೆಯುತ್ತದೆ. ಹಾಳೆಯಿಂದಲೋ ಕರಡದಿಂದಲೋ ಮಾಡಿದ ಆ ಹೊದಿಕೆ ಕಾಯಿಯ ಮೇಲೆ ನೀರು ನಿಲ್ಲದಂತೆ ನೋಡಿಕೊಳ್ಳುತ್ತಿತ್ತು. ನೀರಿಲ್ಲದೆ ಈಜು ಇಲ್ಲ, ಈಜಿಲ್ಲದೆ ರೋಗವಿಲ್ಲ. ಹಿರಿಯರು ಈಜುಕಣವನ್ನು ಕಂಡವರಲ್ಲ; ಆದರೆ ಮಳೆಯನ್ನೂ ಕಾಯಿಯನ್ನೂ ತಲೆಮಾರುಗಳ ಕಾಲ ನೋಡಿ ಸರಿಯಾದ ತೀರ್ಮಾನಕ್ಕೆ ಬಂದಿದ್ದರು. ಹಾಗೆಂದು ಹಳೆಯದೆಲ್ಲ ಸರಿ ಎಂದು ನಾನು ಹೇಳುವುದಿಲ್ಲ. ಸರಿಯಾದದ್ದು ಏಕೆ ಸರಿ ಎಂದು ಕೇಳಿದಾಗ ಮಾತ್ರ ಅದು ಮುಂದಿನ ತಲೆಮಾರಿಗೆ ದಾಟುತ್ತದೆ.

ಬೋರ್ಡೋ ದ್ರಾವಣವನ್ನು ಮಳೆಗೆ ಮೊದಲೇ ಏಕೆ ಹೊಡೆಯಬೇಕು ಎಂಬುದಕ್ಕೂ ಉತ್ತರ ಇಲ್ಲಿಯೇ ಇದೆ. ಅದು ಕಾಯಿಲೆ ಗುಣಪಡಿಸುವ ಔಷಧಿಯಲ್ಲ, ಕಾವಲು. ಕಣ ಬರುವ ಮೊದಲೇ ಕಾಯಿಯ ಮೇಲೆ ತಾಮ್ರದ ತೆಳುಪದರ ಒಣಗಿ ಕುಳಿತಿರಬೇಕು. ಕಣ ಕಾಯಿಯ ಒಳಹೊಕ್ಕ ಮೇಲೆ ಹೊರಗಿನ ತಾಮ್ರ ಅದನ್ನು ಮುಟ್ಟಲಾರದು. ನಲವತ್ತು, ನಲವತ್ತೈದು ದಿನಗಳ ಬಳಿಕ ಎರಡನೆಯ ಸುತ್ತು ಬೇಕಾಗುವುದು ಮಳೆಗೆ ಪದರ ಸವೆಯುವುದರಿಂದ, ಕಾಯಿ ಬೆಳೆದು ಹೊಸ ಮೈ ತೆರೆದುಕೊಳ್ಳುವುದರಿಂದ.

ಒಂದೇ ತಾಮ್ರ: ಆಹಾರವೂ ಹೌದು, ವಿಷವೂ ಹೌದು

ಕಿಣ್ವ ಎಂಬ ಪದದ ಬಗ್ಗೆ ಒಂದು ಮಾತು. ಸಂಸ್ಕೃತದಲ್ಲಿ ಕಿಣ್ವವೆಂದರೆ ಹುಳಿ ಬರಿಸುವ ಹುದುಗು. ಜರ್ಮನಿಯ ವಿಲ್ಹೆಲ್ಮ್ ಕ್ಯೂನೆ ಹತ್ತೊಂಬತ್ತನೆಯ ಶತಮಾನದಲ್ಲಿ ‘ಎನ್‌ಜೈಮ್’ ಎಂಬ ಪದವನ್ನು ಗ್ರೀಕಿನಿಂದ ಕಟ್ಟಿದಾಗ ಅದರ ಅರ್ಥವೂ ‘ಹುದುಗಿನಲ್ಲಿರುವುದು’ ಎಂದೇ ಇತ್ತು. 1897ರಲ್ಲಿ ಎಡುವರ್ಡ್ ಬುಖ್ನರ್ ಯೀಸ್ಟನ್ನು ಅರೆದು, ಜೀವಂತ ಕೋಶಗಳಿಲ್ಲದ ರಸದಿಂದಲೇ ಸಕ್ಕರೆಯನ್ನು ಹುದುಗಿಸಿ ತೋರಿಸಿದರು. ಜೀವದ ಕೆಲಸಗಳು ಜೀವಕೋಶದ ಹೊರಗೂ ನಡೆಯುವ ರಾಸಾಯನಿಕ ಕ್ರಿಯೆಗಳು ಎಂಬುದು ಅಂದು ಸಿದ್ಧವಾಯಿತು. ದೋಸೆಹಿಟ್ಟು ಹುಳಿ ಬರುವ ಮನೆಯಲ್ಲಿ ಬೆಳೆದ ಮಗುವಿಗೆ ಇದು ಪರಕೀಯ ವಿಷಯವಲ್ಲ.

ಕಿಣ್ವಗಳಲ್ಲಿ ಬಹುತೇಕ ಎಲ್ಲವೂ ಪ್ರೋಟೀನುಗಳು. ಪ್ರೋಟೀನೆಂದರೆ ಅಮೈನೋ ಆಮ್ಲಗಳ ಉದ್ದನೆಯ ಸರ. ಅದು ತನ್ನದೇ ರೀತಿಯಲ್ಲಿ ಮಡಚಿಕೊಂಡಾಗ ಮಾತ್ರ ಕೆಲಸ ಮಾಡುತ್ತದೆ. ಮಡಿಕೆ ಕೆಟ್ಟರೆ ಕೆಲಸವೂ ನಿಂತಿತು. ಎಳೆ ಅಡಿಕೆಯನ್ನು ಹೋಳು ಮಾಡಿಟ್ಟರೆ ಅದು ಕಂದುಬಣ್ಣಕ್ಕೆ ತಿರುಗುತ್ತದೆ. ಬದನೆ, ಬಾಳೆಕಾಯಿಗಳೂ ಹಾಗೆಯೇ. ಅಲ್ಲಿ ಕೆಲಸ ಮಾಡುವುದು ಪಾಲಿಫೀನಾಲ್ ಆಕ್ಸಿಡೇಸ್ ಎಂಬ ಕಿಣ್ವ. ಕುದಿಯುವ ನೀರಿಗೆ ಹಾಕಿದರೆ ಆ ಕಿಣ್ವದ ಮಡಿಕೆ ಬಿಚ್ಚಿ ಅದರ ಆಟ ಮುಗಿಯುತ್ತದೆ. ಈ ಕಿಣ್ವದ ನಡುವೆ ಕುಳಿತಿರುವ ಲೋಹ ಯಾವುದು ಗೊತ್ತೇ? ತಾಮ್ರ. ನಾವು ಉಸಿರಾಡಿದ ಆಮ್ಲಜನಕವನ್ನು ನಮ್ಮ ಕೋಶಗಳು ಕಡೆಯ ಹಂತದಲ್ಲಿ ಬಳಸಿಕೊಳ್ಳುವ ಸೈಟೊಕ್ರೋಮ್ ಆಕ್ಸಿಡೇಸ್ ಎಂಬ ಕಿಣ್ವದಲ್ಲಿಯೂ ತಾಮ್ರವಿದೆ. ತಾಮ್ರವಿಲ್ಲದೆ ಅಡಿಕೆಯೂ ಇಲ್ಲ, ನಾವೂ ಇಲ್ಲ.

ಅದೇ ತಾಮ್ರ ಅಳತೆ ಮೀರಿದಾಗ ಕೊಲ್ಲುತ್ತದೆ. ಈಜುಕಣದೊಳಗೆ ಹೆಚ್ಚಾಗಿ ಹೊಕ್ಕ ತಾಮ್ರದ ಅಯಾನುಗಳು ಪ್ರೋಟೀನುಗಳಲ್ಲಿರುವ ಗಂಧಕದ ಗುಂಪುಗಳಿಗೆ ಅಂಟಿಕೊಂಡು ಅವುಗಳ ಮಡಿಕೆಯನ್ನು ಕೆಡಿಸುತ್ತವೆ. ಒಂದು ಕಿಣ್ವವಲ್ಲ, ಹಲವು ಕಿಣ್ವಗಳು ಒಟ್ಟಿಗೆ ನಿಲ್ಲುತ್ತವೆ. ಆದ್ದರಿಂದಲೇ ನೂರು ವರ್ಷ ಕಳೆದರೂ ಬೋರ್ಡೋ ದ್ರಾವಣ ನಮ್ಮನ್ನು ಕೈಬಿಟ್ಟಿಲ್ಲ. ಮೆಟಲಾಕ್ಸಿಲ್ ಎಂಬ ಔಷಧಿಯ ಕಥೆ ಬೇರೆ. ಅದು ಫೈಟಾಫ್ತೊರಾದ ಒಂದೇ ಒಂದು ಕೆಲಸವನ್ನು, ಆರ್‌ಎನ್‌ಎ ತಯಾರಿಕೆಯನ್ನು, ತಡೆಯುತ್ತದೆ. 1970ರ ದಶಕದ ಕೊನೆಯಲ್ಲಿ ಬಳಕೆಗೆ ಬಂದ ಅದಕ್ಕೆ 1980ರಲ್ಲೇ ಯೂರೋಪಿನ ಆಲೂಗಡ್ಡೆ ಹೊಲಗಳಲ್ಲಿ ಜಗ್ಗದ ತಳಿಗಳು ಕಾಣಿಸಿದವು. ರೋಗಕ್ಕೆ ಔಷಧಿ ಅಭ್ಯಾಸವಾಯಿತು ಎಂದು ನಾವು ಹೇಳುವುದುಂಟು. ಅದು ಸರಿಯಲ್ಲ. ಕೋಟಿಗಟ್ಟಲೆ ಕಣಗಳಲ್ಲಿ ಎಲ್ಲೋ ಕೆಲವು ಮೊದಲೇ ಭಿನ್ನವಾಗಿದ್ದವು. ಔಷಧಿ ಉಳಿದವನ್ನು ಕೊಂದು ಅವುಗಳಿಗೆ ಜಾಗ ಮಾಡಿಕೊಟ್ಟಿತು. ಡಾರ್ವಿನ್ ಹೇಳಿದ ನಿಸರ್ಗದ ಆಯ್ಕೆ ಇದೇ. ಒಂದೇ ಔಷಧಿಯನ್ನು ವರ್ಷವರ್ಷವೂ ಹೊಡೆಸುವವನು ತನ್ನ ತೋಟದಲ್ಲಿಯೇ ಆ ಆಯ್ಕೆಯನ್ನು ನಡೆಸುತ್ತಿದ್ದಾನೆ.

ನಮ್ಮ ಬಳಗಕ್ಕೂ ಒಂದು ಪ್ರಶ್ನೆ

ಇಲ್ಲಿಯವರೆಗೆ ಕಾಲೇಜುಗಳನ್ನು ದೂರಿದೆ. ಈಗ ಪರಿಸರದ ಬಗ್ಗೆ ಕಾಳಜಿಯುಳ್ಳ ನಮ್ಮನ್ನೇ ಪ್ರಶ್ನಿಸಿಕೊಳ್ಳಬೇಕು. ನಮ್ಮ ಸಭೆಗಳಲ್ಲಿ ‘ರಾಸಾಯನಿಕ’ ಎಂಬುದು ಬೈಗುಳವಾಗಿದೆ, ‘ಸಾವಯವ’ ಎಂಬುದು ಮಂತ್ರವಾಗಿದೆ. ಜೀವರಸಾಯನಶಾಸ್ತ್ರದ ಮೊದಲ ಪುಟ ಓದಿದವರು ಹೀಗೆ ಮಾತನಾಡಲಾರರು. ಸಕ್ಕರೆಯೂ ರಾಸಾಯನಿಕ, ಅಡಿಕೆಯ ಚೊಗರೂ ರಾಸಾಯನಿಕ. ಕೇಳಬೇಕಾದ ಪ್ರಶ್ನೆಗಳು ಬೇರೆ: ಯಾವ ವಸ್ತು, ಎಷ್ಟು, ಯಾವ ಜೀವಿಯ ಯಾವ ಕೆಲಸವನ್ನು ತಡೆಯುತ್ತದೆ, ಕೊನೆಗೆ ಎಲ್ಲಿ ಹೋಗಿ ಸೇರುತ್ತದೆ?

ಕೊನೆಯ ಪ್ರಶ್ನೆಯನ್ನು ಬೋರ್ಡೋ ದ್ರಾವಣಕ್ಕೇ ಕೇಳೋಣ. ಸಾವಯವ ಕೃಷಿಯ ನಿಯಮಗಳೂ ಮಿತಿಯೊಳಗೆ ಅದನ್ನು ಒಪ್ಪುತ್ತವೆಂದು ನಾವು ನಿಶ್ಚಿಂತರಾಗಿದ್ದೇವೆ. ಆದರೆ ತಾಮ್ರ ಮೂಲವಸ್ತು. ಸಂಯುಕ್ತಗಳನ್ನು ಸೂಕ್ಷ್ಮಜೀವಿಗಳು ನಿಧಾನವಾಗಿಯಾದರೂ ಒಡೆಯಬಲ್ಲವು; ಮೂಲವಸ್ತುವನ್ನು ಯಾವ ಸೂಕ್ಷ್ಮಜೀವಿಯೂ ಒಡೆಯಲಾರದು. ಒಂದು ಕಿಲೋ ಮೈಲುತುತ್ತದಲ್ಲಿ ಸುಮಾರು 250 ಗ್ರಾಂ ತಾಮ್ರವಿದೆ. ಶೇಕಡ 1ರ ದ್ರಾವಣದ 100 ಲೀಟರಿಗೆ ಒಂದು ಕಿಲೋ ಮೈಲುತುತ್ತ ಬೇಕು. ಒಂದು ಎಕರೆಗೆ ಸುತ್ತಿಗೆ 400 ಲೀಟರಿನಂತೆ ಎರಡು ಸುತ್ತು ಹೊಡೆಸಿದರೆ ವರ್ಷಕ್ಕೆ 2 ಕಿಲೋ ತಾಮ್ರ. ಹೆಕ್ಟೇರಿನ ಲೆಕ್ಕದಲ್ಲಿ ಸುಮಾರು 5 ಕಿಲೋ. ಯೂರೋಪಿನ ಒಕ್ಕೂಟ 2019ರಿಂದ ಜಾರಿಗೆ ತಂದ ಮಿತಿ ಏಳು ವರ್ಷಗಳಿಗೆ ಹೆಕ್ಟೇರಿಗೆ 28 ಕಿಲೋ, ಅಂದರೆ ವರ್ಷಕ್ಕೆ ಸರಾಸರಿ 4 ಕಿಲೋ. ಓದುಗರು ತಮ್ಮ ತೋಟದ ಲೆಕ್ಕವನ್ನು ತಾವೇ ಹಾಕಿ ನೋಡಲಿ.

ಮಣ್ಣಿಗೆ ಬಿದ್ದ ತಾಮ್ರವನ್ನು ಸೊಪ್ಪು ಗೊಬ್ಬರದ ಸಾವಯವ ಅಂಶ ಹಿಡಿದಿಡುತ್ತದೆ. ಆಮ್ಲ ಹೆಚ್ಚಾದಂತೆ ಅದು ಸಡಿಲಗೊಂಡು ಬೇರಿಗೂ ಎರೆಹುಳುವಿಗೂ ತಗುಲುತ್ತದೆ. ಮಲೆನಾಡಿನ ಮಣ್ಣು ಮೊದಲೇ ಹುಳಿಮಣ್ಣು. ಪಿಎಚ್ 7ರಿಂದ 5ಕ್ಕೆ ಇಳಿದರೆ ಆಮ್ಲತೆ ಎರಡು ಪಟ್ಟಲ್ಲ, ನೂರು ಪಟ್ಟು ಹೆಚ್ಚುತ್ತದೆ. ಆ ಅಂಕಿಯನ್ನು ಕಾಲೇಜಿನಲ್ಲಿ ಎಲ್ಲರೂ ಕಲಿಯುತ್ತಾರೆ. ತಮ್ಮ ತೋಟದ ಮಣ್ಣಿಗೆ ಅದನ್ನು ಹೊಂದಿಸಿ ನೋಡಿದವರು ವಿರಳ. ಬೆಟ್ಟದ ಸೊಪ್ಪು ತರುವುದನ್ನು ನಿಲ್ಲಿಸಿ, ತಾಮ್ರವನ್ನು ಮಾತ್ರ ಮುಂದುವರಿಸಿದ ತೋಟದಲ್ಲಿ ಮಣ್ಣಿನ ಹಿಡಿತವೂ ಕುಗ್ಗುತ್ತದೆ, ವಿಷದ ಸಂಗ್ರಹವೂ ಬೆಳೆಯುತ್ತದೆ. ಸೊಪ್ಪಿನ ಬೆಟ್ಟವನ್ನು ಉಳಿಸಬೇಕೆಂಬ ನಮ್ಮ ಬೇಡಿಕೆಗೆ ಇದಕ್ಕಿಂತ ಗಟ್ಟಿಯಾದ ಆಧಾರ ಬೇಕೆ?

ಬೋರ್ಡೋ ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಇಂದಿಗೂ ನಮಗಿರುವ ನಂಬಿಕೆಯ ಕಾವಲು ಅದೇ. ಆದರೆ ಅದನ್ನು ಸರಿಯಾಗಿ ತಯಾರಿಸಿ, ಸರಿಯಾದ ಹೊತ್ತಿಗೆ, ಬೇಕಾದಷ್ಟೇ ಬಳಸಬೇಕು. ಹಳಸಿ ಪುಡಿಯಾದ ಸುಣ್ಣಕ್ಕೆ ಮೈಲುತುತ್ತದ ಆಮ್ಲಗುಣವನ್ನು ಹತ್ತಿಕ್ಕುವ ಶಕ್ತಿ ಸಾಲದು. ಅಂಥ ದ್ರಾವಣ ಎಳೆ ಕಾಯಿಯನ್ನೇ ಸುಡುತ್ತದೆ. ಹೊಳೆಯುವ ಕಬ್ಬಿಣದ ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದಿ ನೋಡುವ ಹಳೆಯ ಪರೀಕ್ಷೆ ಶುದ್ಧ ರಸಾಯನಶಾಸ್ತ್ರ: ಕತ್ತಿಗೆ ಕೆಂಪು ಹತ್ತಿದರೆ ಕರಗಿದ ತಾಮ್ರ ಇನ್ನೂ ಉಳಿದಿದೆ, ಸುಣ್ಣದ ತಿಳಿ ಸೇರಿಸಬೇಕು. ಕಲಸಿದ ದ್ರಾವಣವನ್ನು ಅದೇ ದಿನ ಮುಗಿಸಬೇಕು. ಮರುದಿನಕ್ಕೆ ಅದರ ಅಂಟುಗುಣ ಕುಂದುತ್ತದೆ. ತೋಟದ ಬಸಿಗಾಲುವೆ ತೆರೆದಿರಲಿ. ಉದುರಿದ ರೋಗದ ಕಾಯಿಗಳನ್ನು ಹೆಕ್ಕಿ ಹೊರಹಾಕುವುದು, ಮರದ ತುದಿಯಲ್ಲಿ ಒಣಗಿ ನಿಂತ ಹಳೆಯ ಕೊನೆಗಳನ್ನು ತೆಗೆಸುವುದು ಔಷಧಿಯಷ್ಟೇ ಮುಖ್ಯ. ರೋಗ ಮುಂದಿನ ಮಳೆಗಾಲಕ್ಕೆ ಅಲ್ಲಿಯೇ ಕಾದಿರುತ್ತದೆ. ಮರದ ಮೇಲಿದ್ದು ಔಷಧಿಯಲ್ಲಿ ತೊಯ್ಯುವವನು ಕೊನೆಗೌಡ ಎಂಬುದನ್ನೂ ಮರೆಯಬಾರದು. ಅವನ ಮೈಯಲ್ಲಿರುವುದೂ ಪ್ರೋಟೀನುಗಳೇ.

ಏನು ಮಾಡಬಹುದು?

ಕಾಲೇಜಿನ ಅಧ್ಯಾಪಕರಲ್ಲಿ ನನ್ನ ವಿನಂತಿ ಸರಳವಾದದ್ದು. ಪಠ್ಯಕ್ರಮ ಬದಲಾಗುವವರೆಗೆ ಕಾಯಬೇಡಿ. ಜುಲೈ ತಿಂಗಳಲ್ಲಿ ಒಂದು ದಿನ ಕೊಳೆ ಹಿಡಿದ ಕಾಯಿಯೊಂದನ್ನು ತರಗತಿಗೆ ತನ್ನಿ. ಬಿಳಿಯ ಬೂಷ್ಟನ್ನು ತಣ್ಣೀರಿನ ಹನಿಯಲ್ಲಿಟ್ಟು ಸೂಕ್ಷ್ಮದರ್ಶಕದಡಿ ಇಡಿ. ಸ್ವಲ್ಪ ಹೊತ್ತು ಕಾದರೆ ಈಜುಕಣಗಳು ಹೊರಟು ಓಡಾಡುವುದನ್ನು ಮಕ್ಕಳು ಕಣ್ಣಾರೆ ಕಾಣಬಹುದು. ಕೋಶ, ಕಶಾಂಗ, ಕೋಶಭಿತ್ತಿ, ಕಿಣ್ವ, ಪಿಎಚ್, ನಿಸರ್ಗದ ಆಯ್ಕೆ, ಆರು ಪಾಠಗಳಿಗೆ ಅದೊಂದು ಕಾಯಿ ಸಾಕು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಬಂದ ಮಕ್ಕಳಿಗೆ ಆ ದಿನವಾದರೂ ಕನ್ನಡದಲ್ಲಿಯೇ ವಿವರಿಸಿ.

ವಿದ್ಯಾರ್ಥಿಗಳಿಗೆ: ನಿಮ್ಮ ಮನೆಗೆ ಬಂದ ಪ್ರತಿಯೊಂದು ಔಷಧಿಯ ಚೀಟಿಯನ್ನು ಓದಿರಿ. ಇದು ಯಾವ ಗುಂಪಿಗೆ ಸೇರಿದ್ದು, ಯಾವ ಕಿಣ್ವವನ್ನೋ ಕೆಲಸವನ್ನೋ ತಡೆಯುತ್ತದೆ, ನಮ್ಮ ತೋಟದ ರೋಗದ ಜೀವಿಗೆ ಆ ಕಿಣ್ವ ಇದೆಯೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕಿ ಮನೆಯವರಿಗೆ ಹೇಳಿರಿ. ಹಿರಿಯರಿಗೆ: ಮಕ್ಕಳು ಹಾಗೆ ಹೇಳಲು ಬಂದಾಗ, ಇವರಿಗೇನು ಗೊತ್ತು ಎನ್ನದೆ ಕೇಳಿರಿ.

ನೆರೆಮನೆಯ ಆ ಹುಡುಗಿ ಈಗ ನಮ್ಮ ತಾಲ್ಲೂಕಿನಲ್ಲಿಯೇ ಅಧ್ಯಾಪಕಿ. ಔಷಧಿ ತರುವ ಮೊದಲು ಅವಳ ತಂದೆ ಚೀಟಿಯ ಚಿತ್ರವನ್ನು ಮೊಬೈಲಿನಲ್ಲಿ ಅವಳಿಗೆ ಕಳುಹಿಸುತ್ತಾರೆ. ಕಳೆದ ಮಳೆಗಾಲದಲ್ಲಿ ಅವರು ಅಂಗಡಿಯಿಂದ ಬರಿಗೈಯಲ್ಲಿ ಹಿಂದಿರುಗಿದ್ದನ್ನು ನಾನೇ ಕಂಡೆ. “ಮಗಳು ಬೇಡ ಅಂದಳು. ಇದು ಬೇರೆ ಜಾತಿ ರೋಗಕ್ಕಂತೆ” ಎಂದರು.